ಇಪ್ಪತ್ತೆರಡು ಡಿಗ್ರಿಯ ಬೆಣೆ

ಅವಳನ್ನು ಎಲ್ಲರೂ ಓರೆಯಕ್ಕ ಅಂತಲೇ ಕರೆಯುತ್ತಿದ್ದರು. ಏನನ್ನೇ ನೋಡಲಿ, ಕತ್ತನ್ನು ಒಂದು ಕಡೆಗೆ ವಾಲಿಸಿ ನೋಡುವುದು ಅವಳ ಚಾಳಿ. ಯಾರದೋ ಮನೆಗೆ ಹೋದರೆ ಕೂರುವ ಮೊದಲು ಗೋಡೆಯ ಕ್ಯಾಲೆಂಡರನ್ನು ನೆಟ್ಟಗೆ ಮಾಡುತ್ತಿದ್ದಳು. ಆ ಮನೆಯವರು ಮುಖ ಸಿಂಡರಿಸಿದರೂ ಕ್ಯಾರೇ ಅನ್ನುತ್ತಿರಲಿಲ್ಲ. ಮೂವತ್ತು ವರ್ಷ ಮಾಳಿಗೆಗಳ ಮೇಲೆ ಸೋಲಾರ್ ಪ್ಯಾನೆಲ್‌ಗಳನ್ನು ವಾಲಿಸುವುದೇ ಕಸುಬಾಗಿದ್ದವಳಿಗೆ ಇನ್ನೇನು ಚಾಳಿ ಬಂದೀತು?

ಕಸುಬು ಗಂಡನದು. ಅವನಿಗೆ ಜನ ಇಟ್ಟ ಹೆಸರು ಮೊಳೆಯಪ್ಪ. ಅದಕ್ಕೂ ಕಾರಣವಿತ್ತು. ಅವನ ಬಳಿ ಒಂದು ಮರದ ಹಲಗೆ, ಅದರ ನಡುವೆ ನೆಟ್ಟಗೆ ಹೊಡೆದ ಗೇಣುದ್ದದ ಕಬ್ಬಿಣದ ಮೊಳೆ. ಅಷ್ಟೇ ಅವನ ಆಸ್ತಿ. ಪ್ಯಾನೆಲ್ ಎಷ್ಟು ವಾಲಿದರೆ ವರ್ಷವಿಡೀ ಹೆಚ್ಚು ಬಿಸಿಲು ಸಿಗುತ್ತದೆ ಎಂದು ಅವನು ಆ ಹಲಗೆಯನ್ನೇ ಕೇಳುತ್ತಿದ್ದ. ಹಗಲು ರಾತ್ರಿ ಸಮವಾಗುವ ದಿನ ವರ್ಷಕ್ಕೆ ಎರಡು ಬರುತ್ತವಲ್ಲ, ಆ ದಿನ ನಡುಮಧ್ಯಾಹ್ನ ಹಲಗೆಯ ಕೆಳಗೆ ಮರದ ಬೆಣೆ ಇಟ್ಟು ಸೂರ್ಯನ ಕಡೆ ಮುಖ ಮಾಡಿಸುತ್ತಿದ್ದ. ಬೆಣೆ ಸರಿಯಿದ್ದರೆ ಮೊಳೆಯ ನೆರಳು ಕುಗ್ಗುತ್ತ ಕುಗ್ಗುತ್ತ ಬುಡಕ್ಕೆ ಬಂದು, ಒಂದು ಗಳಿಗೆ ಪೂರ್ತಿ ಇಲ್ಲವಾಗುತ್ತಿತ್ತು. ಆ ಬೆಣೆಯ ಕೋನವೇ ಆ ಜಾಗಕ್ಕೆ ಸರಿಯಾದ ಕೋನ. "ನೆರಳು ಸಾಯಬೇಕು ಕಣೇ, ಆಗ ನಮ್ಮ ಕೆಲಸ ಆಯ್ತು ಅಂತ ಲೆಕ್ಕ," ಅನ್ನುತ್ತಿದ್ದ. ಅವರಿದ್ದ ಕಡೆ ನೆರಳು ಸಾಯುತ್ತಿದ್ದುದು ಇಪ್ಪತ್ತೆರಡು ಡಿಗ್ರಿಯ ಬೆಣೆಗೆ.

ಈಗಂತೂ ಫೋನು ಒತ್ತಿದರೆ ಕೋನ ಬರುತ್ತದೆ. ಮದುವೆಯಾದ ಹೊಸತರಲ್ಲಿ ಫೋನಿರಲಿಲ್ಲ, ಬಂದ ಮೇಲೂ ಅವನು ಅದನ್ನು ಮೂಸಿ ನೋಡಲಿಲ್ಲ. "ಫೋನು ಊರಿನ ಕೋನ ಹೇಳುತ್ತೆ. ಈ ಮಾಳಿಗೆಯ ಕೋನ ಹೇಳಲ್ಲ," ಅಂದುಬಿಟ್ಟಿದ್ದ. ಅವನು ತಮಾಷೆಗೆ ಅಂದದ್ದೋ ಗಂಭೀರವಾಗಿ ಅಂದದ್ದೋ, ಅವಳು ಯಾವತ್ತೂ ಕೇಳಲಿಲ್ಲ.

ಮೊಳೆಯಪ್ಪ ಹೋಗಿ ಒಂದೂವರೆ ವರ್ಷವಾಗುತ್ತ ಬಂದಿತ್ತು. ಊಟ ಮುಗಿಸಿ ಕುರ್ಚಿಗೆ ಒರಗಿದವನು ಹಾಗೇ ಹೋಗಿಬಿಟ್ಟಿದ್ದ. ಸುಖದ ಸಾವು ಅಂದರು ಜನ. ಓರೆಯಕ್ಕನಿಗೆ ಮಾತ್ರ ಅದು ಸುಖದ್ದಲ್ಲ ಅಂತ ಗೊತ್ತಿತ್ತು. ಅವನು ಹೋಗುವ ಮೊದಲಿನ ಒಂದು ವರ್ಷ ಅವನಿಗೆ ಒಂದೇ ಚಿಂತೆ ಹತ್ತಿತ್ತು. ಹೊಲಿಗೆ ಕಾರ್ಖಾನೆಯ ಮಾಳಿಗೆಯ ಮೇಲೆ ನೆರಳು ಸಾಯುತ್ತಿರಲಿಲ್ಲ.

ಅದು ನಾಲ್ಕು ಅಂತಸ್ತಿನ ಕಟ್ಟಡ. ಹಿಂಬದಿಗೆ ಹಳೆಯ ಮೋರಿ, ಮುಂದೆ ರಸ್ತೆ. ಕೆಳಗೆ ಮಾಲೀಕನ ಕೋಣೆ, ಉಳಿದ ಕಡೆ ಬರೀ ಬಟ್ಟೆಯ ದಾಸ್ತಾನು. ಮೂರನೆಯ ಅಂತಸ್ತಿನಲ್ಲಿ ನಲವತ್ತು ಹೆಂಗಸರು ಅಂಗಿ ಹೊಲಿಯುತ್ತಿದ್ದರು, ಅವರಲ್ಲಿ ಓರೆಯಕ್ಕನ ಒಬ್ಬಳೇ ತಂಗಿಯೂ ಇದ್ದಳು. ಅವರ ಯಂತ್ರಗಳು ಓಡುತ್ತಿದ್ದುದು ಮಾಳಿಗೆಯ ಪ್ಯಾನೆಲ್‌ಗಳ ಕರೆಂಟಿನಿಂದಲೇ. ಏಳು ವರ್ಷದ ಹಿಂದೆ ಅವನ್ನು ಕೂರಿಸಿದ್ದು ಗಂಡ ಹೆಂಡತಿ ಇಬ್ಬರೇ. ಮಾಳಿಗೆಯ ಒಂದು ಮೂಲೆಯಲ್ಲಿ ಸಿಮೆಂಟಿನ ಪುಟ್ಟ ಕಟ್ಟೆ ಕಟ್ಟಿ, ಮಟ್ಟ ನೋಡಿ, ಅದರ ಮೇಲೆ ಬೆಣೆ, ಬೆಣೆಯ ಮೇಲೆ ಹಲಗೆ ಇಟ್ಟು ನೋಡಿದ್ದರು. ನೆರಳು ಚೊಕ್ಕವಾಗಿ ಸತ್ತಿತ್ತು. ನಾಲ್ಕು ವರ್ಷ ಕಳೆದ ಮೇಲೆ ಒಂದು ಸಲ, ಎಳ್ಳಿನಷ್ಟು ಉಳಿಯಿತು. ಮೊಳೆಯಪ್ಪ ನೆರಳಿನ ತುದಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದ. ಆರು ತಿಂಗಳಾದ ಮೇಲೆ ಇನ್ನಷ್ಟು ಉಳಿಯಿತು. ಇನ್ನೊಂದು ಗುರುತು. ಅವನ ನಿದ್ದೆ ಹಾರಿಹೋಯಿತು.

"ಬೆಣೆ ಒಂಚೂರು ಕೆತ್ತಿ ಬಿಡಿ, ಸರಿಹೋಗುತ್ತೆ," ಅಂದಿದ್ದಳು ಓರೆಯಕ್ಕ.

"ಬೆಣೆ ಸರಿಯಾಗೇ ಇದೆ."

"ಹಾಗಾದ್ರೆ ಸೂರ್ಯ ತಪ್ಪಿದನಾ? ನಿಮ್ಮ ಕೈ ನಡುಗ್ತಿದೆ, ಅಷ್ಟೇ. ವಯಸ್ಸಾಯ್ತು, ಒಪ್ಪಿಕೊಳ್ಳಿ."

ಇದನ್ನು ಅವಳು ನಾಲ್ಕು ಜನರ ಎದುರಿಗೆ ಅಂದಿದ್ದಳು, ನಕ್ಕೂ ಇದ್ದಳು. ನೆಂಟರೂ ನಕ್ಕರು. ಅವನು ತನ್ನ ಕೈಯನ್ನು ಮುಂದೆ ಚಾಚಿ, ಬೆರಳುಗಳನ್ನೇ ಸ್ವಲ್ಪ ಹೊತ್ತು ನೋಡುತ್ತ ಕೂತ. ಮೂರನೆಯ ಗುರುತು ಹಾಕಿದ್ದನ್ನು ಅವಳಿಗೆ ತೋರಿಸಿದ, ಅಷ್ಟೇ. ಆಮೇಲೆ ಮೊಳೆಯ ಸುದ್ದಿಯನ್ನು ಅವಳ ಬಳಿ ಎತ್ತಲೇ ಇಲ್ಲ. ಒಂದು ತಿಂಗಳಿಗೆ ಹೋಗಿಬಿಟ್ಟ. ಹಲಗೆ, ಬೆಣೆ ಕಾರ್ಖಾನೆಯ ಕಟ್ಟೆಯ ಮೇಲೇ ಉಳಿದವು. ತನ್ನ ಕೈ ಕೆಟ್ಟಿತು ಎಂದುಕೊಂಡೇ ಹೋದ ಎಂಬುದು ಓರೆಯಕ್ಕನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

ಆ ಮುಳ್ಳನ್ನೇ ಕಾರ್ಖಾನೆಯ ಮಾಲೀಕ ಫೋನು ಮಾಡಿ ಒತ್ತಿದ.

"ನಿನ್ನ ಗಂಡ ಇಟ್ಟ ಕೋನ ತಪ್ಪಮ್ಮ. ಕರೆಂಟು ಸಾಲ್ತಿಲ್ಲ. ಎಲ್ಲ ಕಿತ್ತು ಬೇರೆಯವರ ಕೈಲಿ ಹಾಕಿಸ್ತೀನಿ."

"ಕಿತ್ತೀರಂತೆ ಬಿಡಿ. ಮೊದಲು ನಾನು ಬಂದು ನೋಡ್ತೀನಿ," ಅಂದಳು. ನೋಡಲು ಬೇಕೆಂದೇ ಹಗಲು ರಾತ್ರಿ ಸಮವಾಗುವ ದಿನವನ್ನು ಆರಿಸಿಕೊಂಡಳು. ಗಂಡನ ಕೈ ತಪ್ಪಿತ್ತೋ ಇಲ್ಲವೋ, ಇವತ್ತು ಇತ್ಯರ್ಥ ಆಗಲೇಬೇಕು ಎಂದು ಹಟ ಹುಟ್ಟಿತ್ತು ಅವಳಿಗೆ.

ಮಧ್ಯಾಹ್ನ ಹನ್ನೆರಡಕ್ಕೆ ಅವಳು ಮೆಟ್ಟಿಲು ಹತ್ತುವಾಗ ಊಟದ ಗಂಟೆ ಹೊಡೆಯಿತು. ಹೊಲಿಗೆ ಯಂತ್ರಗಳೆಲ್ಲ ಒಟ್ಟಿಗೆ ನಿಂತವು. ಆ ಗದ್ದಲ ನಿಂತ ಮೇಲೆ ಬಂದ ಮೌನ ಅವಳಿಗೆ ಯಾಕೋ ಹಿತವೆನಿಸಲಿಲ್ಲ. ಮೂರನೆಯ ಅಂತಸ್ತಿನ ಬಾಗಿಲಿಗೆ ಬಂದು ನೋಡಿದರೆ ಹೆಂಗಸರು ಡಬ್ಬಿ ಬಿಚ್ಚಿಕೊಂಡು ಕೂತಿದ್ದಾರೆ, ಒಬ್ಬರೂ ಮಾತಾಡುತ್ತಿಲ್ಲ. ಎಲ್ಲರ ಕಣ್ಣೂ ಮೇಲಕ್ಕೆ.

ಟಿಕ್. ಸ್ವಲ್ಪ ಬಿಟ್ಟು ಟಿಕ್, ಟಿಕ್.

ಮೇಲಿನಿಂದ ಬರುತ್ತಿತ್ತು ಸದ್ದು. ಯಾರೋ ಸಣ್ಣ ಸುತ್ತಿಗೆಯಲ್ಲಿ ನಿಧಾನಕ್ಕೆ ಮೊಳೆ ಹೊಡೆದಂತಿತ್ತು.

"ದಿನಾ ಇದೇ ಹೊತ್ತಿಗಕ್ಕ," ಅಂದಳು ಅಂಗಿಯ ಗುಂಡಿಗೆ ಕಾಜಾ ಹೊಲಿಯುವ ಮುದುಕಿ, ದನಿ ತಗ್ಗಿಸಿ. "ಬೇಜಾರು ಮಾಡ್ಕೋಬೇಡ. ನಿಮ್ಮೆಜಮಾನರೇ ಅಂತ ಎಲ್ರಿಗೂ ಗೊತ್ತು. ಪಾಪ, ಆಸೆ ಉಳಿಸ್ಕೊಂಡು ಹೋದ ಜೀವ."

ಓರೆಯಕ್ಕನಿಗೆ ನಗು ಬರಬೇಕಿತ್ತು, ಬರಲಿಲ್ಲ. ಅಷ್ಟರಲ್ಲಿ ಒಂದು ಮೇಜಿನ ಮೇಲಿಂದ ನೂಲಿನ ಉಂಡೆಯೊಂದು ಕೆಳಗೆ ಬಿತ್ತು. ಬಿದ್ದದ್ದು ನಿಲ್ಲಲಿಲ್ಲ. ಯಾರೂ ಮುಟ್ಟದೆ, ಗಾಳಿಯೂ ಇಲ್ಲದೆ, ಊಟಕ್ಕೆ ಕೂತವರ ಸಾಲಿನ ನಡುವೆ ಸುಮ್ಮನೆ ಉರುಳುತ್ತ, ಹಿಂಗೋಡೆಯ ಮೂಲೆಗೆ ಹೋಗಿ ತಟ್ಟಿ ನಿಂತಿತು. ಆ ಮೂಲೆಯಲ್ಲಿ ಆಗಲೇ ಏಳೆಂಟು ಉಂಡೆಗಳು ಗುಂಪುಗೂಡಿ ಕೂತಿದ್ದವು.

"ಅಲ್ಲಿಗೇ ಹೋಗ್ತವೆ," ಅಂದಳು ಮುದುಕಿ. "ಸಾಯಂಕಾಲ ಹೋಗುವಾಗ ಆರಿಸ್ಕೊಳ್ತೀವಿ."

ಓರೆಯಕ್ಕ ಕತ್ತು ವಾಲಿಸಿ ಹಾಲನ್ನೊಮ್ಮೆ ನೋಡಿದಳು. ಪ್ರತಿ ಮೇಜಿನ ಹಿಂದಿನ ಎರಡು ಕಾಲಿನ ಕೆಳಗೂ ಮಡಿಸಿದ ಚಿಂದಿ ಬಟ್ಟೆ. ಕೆಲವಕ್ಕೆ ಎರಡು ಮಡಿಕೆ, ಕೆಲವಕ್ಕೆ ನಾಲ್ಕು. ಮೇಜು ಅಲ್ಲಾಡಬಾರದೆಂದು ಯಾರಿಗೆ ತೋಚಿದಷ್ಟು ಅವರು ತುರುಕಿದ್ದರು. ನೀರಿನ ಡ್ರಮ್ಮಿನ ಕೆಳಗೆ ಒಂದು ಇಟ್ಟಿಗೆಯ ಚೂರು. ಬಾಗಿಲು ಸಿಕ್ಕಿಹಾಕಿಕೊಳ್ಳುತ್ತದೆಂದು ಬಡಗಿ ಅದರ ಮೇಲಂಚನ್ನು ಓರೆಯಾಗಿ ಕೆತ್ತಿಹೋಗಿದ್ದ. ಎಲ್ಲವೂ ಅವಳ ಕಣ್ಣಿಗೆ ಬಿತ್ತು, ಆದರೆ ಆ ಗಳಿಗೆಗೆ ಅರ್ಥವಾಗಲಿಲ್ಲ. ಅವಳ ತಲೆಯಲ್ಲಿ ಇದ್ದದ್ದು ಗಂಡನ ಮೊಳೆ ಒಂದೇ. ಊಟದ ಸಾಲಿನಲ್ಲಿ ತಂಗಿ ಕಾಣಲಿಲ್ಲ ಎಂಬುದೂ ಮೆಟ್ಟಿಲು ಹತ್ತುವಾಗ ಹೊಳೆಯಿತು.

ಮಾಳಿಗೆಯ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಆರು ಸಾಲು ಪ್ಯಾನೆಲ್, ಎಲ್ಲದರ ಮೇಲೂ ಒಂದು ಪದರ ಧೂಳು. ಕರೆಂಟು ಸಾಲದ್ದಕ್ಕೆ ಕಾರಣ ಅಲ್ಲೇ ಬಿದ್ದಿತ್ತು. ಒಂದು ಬಕೆಟ್ ನೀರು ಸುರಿಯುವ ಯೋಗ್ಯತೆ ಇಲ್ಲದವನು ಸತ್ತವರ ಕೋನಕ್ಕೆ ಹೆಸರಿಡುತ್ತಾನೆ ಎಂದು ಅವಳಿಗೆ ಸಿಟ್ಟು ನೆತ್ತಿಗೇರಿತು. ಪ್ಯಾನೆಲ್‌ಗಳ ಸಾಲು ದಾಟಿ ಮೂಲೆಗೆ ತಿರುಗಿದಳು.

ಕಟ್ಟೆಯ ಮುಂದೆ ಯಾರೋ ಕುಕ್ಕರುಗಾಲಿನಲ್ಲಿ ಬೆನ್ನು ಬಾಗಿಸಿ ಕೂತಿದ್ದರು. ಗಂಡ ಕೂರುತ್ತಿದ್ದ ಹಾಗೆಯೇ.

"ಯಾರದು?" ಅಂದಳು.

ತಿರುಗಿದ್ದು ತಂಗಿ. ಕೈಯಲ್ಲಿ ಪೆನ್ಸಿಲು. ಅಕ್ಕನನ್ನು ಕಂಡದ್ದೇ ಅದನ್ನು ಸೆರಗಿನೊಳಗೆ ಮರೆಮಾಡಿದಳು.

"ನೀನಿಲ್ಲಿ ಏನ್ ಮಾಡ್ತಿದ್ದೀಯ?"

ತಂಗಿ ಪಕ್ಕಕ್ಕೆ ಸರಿದಳು. ಓರೆಯಕ್ಕ ಹಲಗೆಯ ಮೇಲೆ ಬಗ್ಗಿದಳು. ಗಂಡ ತೋರಿಸಿದ್ದು ಮೂರು ಗುರುತು. ಈಗ ಹಲಗೆಯ ಮೇಲೆ ಐದು ಇದ್ದವು. ಸತ್ತವನು ಮೇಲೆ ಬಂದು ಎರಡು ಗುರುತು ಹಾಕಿ ಹೋದನೇ ಎಂದು ಒಂದು ಕ್ಷಣ ಅವಳಿಗೆ ಅನ್ನಿಸಿತು. ಆಮೇಲೆ ಪೆನ್ಸಿಲು ನೆನಪಾಯಿತು.

"ಭಾವ ಹೇಳಿದ್ರು," ಅಂದಳು ತಂಗಿ. "ಹೋಗೋದಕ್ಕೆ ಹದಿನೈದು ದಿನ ಮೊದಲು. 'ಅಕ್ಕ ಹೇಳ್ತಾಳೆ ನನ್ನ ಕೈ ನಡುಗುತ್ತೆ ಅಂತ. ಇರಬಹುದು. ನಿನ್ನದು ಸೂಜಿ ಹಿಡಿದ ಕೈ, ನಡುಗಲ್ಲ. ಇನ್ನು ಮೇಲೆ ಗುರುತು ನೀನು ಹಾಕು. ನಿನ್ನ ಕೈಗೆ ನೆರಳು ಸತ್ತರೆ, ತಪ್ಪು ನಂದೇ ಅಂತ ಒಪ್ಕೋತೀನಿ' ಅಂದ್ರು. ಅವರೇ ಹೋಗ್ಬಿಟ್ರಲ್ಲ. ಕೊಟ್ಟ ಮಾತು ಅಂತ ನಾನು ಹಾಕ್ತಾ ಬಂದೆ."

"ನನಗೆ ಹೇಳೋಕೇನಾಗಿತ್ತೇ ನಿನಗೆ?"

"ಹೇಳ್ಬೇಡ ಅಂದಿದ್ರು. ನಗ್ತೀಯ ಅಂತ."

ಓರೆಯಕ್ಕ ಹಲಗೆಯ ಪಕ್ಕದಲ್ಲಿ ಕುಕ್ಕರಿಸಿದಳು. ಕಪಾಳಕ್ಕೆ ಹೊಡೆಸಿಕೊಂಡಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಅಷ್ಟರಲ್ಲಿ ಸೂರ್ಯ ನೆತ್ತಿಯ ಗೆರೆಗೆ ಬಂದ. ಅಕ್ಕ ತಂಗಿ ಇಬ್ಬರೂ ಬಗ್ಗಿ ನೋಡಿದರು. ಮೊಳೆಯ ನೆರಳು ಕುಗ್ಗುತ್ತ ಬಂತು, ಬಂತು, ಒಂದು ಕಡೆ ನಿಂತಿತು. ಸಾಯಲಿಲ್ಲ. ಅರ್ಧ ಬೆರಳಿನಗಲ ನೆರಳು, ಕಪ್ಪಗೆ, ಐದೂ ಗುರುತುಗಳನ್ನು ದಾಟಿ ಹಲಗೆಯ ಮೇಲೆ ಬಿದ್ದಿತ್ತು. ತಂಗಿ ಅದರ ತುದಿಗೆ ಆರನೆಯ ಗುರುತು ಹಾಕಿದಳು. ಮೊದಲ ಐದು ಗುರುತುಗಳ ನಡುವೆ ಒಂದೊಂದು ಎಳ್ಳಿನ ಜಾಗ. ಐದನೆಯದಕ್ಕೂ ಇವತ್ತಿನದಕ್ಕೂ ನಡುವೆ ಹಿಂದಿನದೆಲ್ಲ ಸೇರಿದರೂ ಸಾಲದಷ್ಟು ಜಾಗ.

ಬೆಣೆ ಅದೇ. ಮೊಳೆ ಅದೇ. ನಡುಗದ ಕೈ. ಸೂರ್ಯನಂತೂ ತಪ್ಪುವವನಲ್ಲ. ಇನ್ನು ಉಳಿದದ್ದೇನು?

ಈ ಕಸುಬಿನವರಿಗೆ ಒಂದು ಕುರುಡಿದೆ. ಅವರು ಹಲಗೆಯನ್ನು ಅನುಮಾನಿಸುತ್ತಾರೆ, ಬೆಣೆಯನ್ನು, ಮೊಳೆಯನ್ನು, ಕೊನೆಗೆ ತಮ್ಮ ಕೈಯನ್ನೂ ಅನುಮಾನಿಸುತ್ತಾರೆ. ಕಾಲ ಕೆಳಗಿನ ಮಾಳಿಗೆಯನ್ನು ಮಾತ್ರ ಅನುಮಾನಿಸುವುದಿಲ್ಲ. ಅದರ ಮಟ್ಟವನ್ನು ಕಟ್ಟೆ ಕಟ್ಟುವ ದಿನ ಒಮ್ಮೆ ನೋಡಿದರೆ ಮುಗಿಯಿತು. ಓರೆಯಕ್ಕ ಚೀಲಕ್ಕೆ ಕೈಹಾಕಿ ತೂಗುಗುಂಡು ತೆಗೆದಳು. ದಾರ ಹಿಡಿದು ಕಟ್ಟೆಯ ಅಂಚಿಗೆ ಇಳಿಬಿಟ್ಟಳು. ಗುಂಡು ತೂಗಿ ತೂಗಿ ನಿಂತಿತು. ಮೇಲೆ ದಾರ ಕಟ್ಟೆಗೆ ಅಂಟಿತ್ತು, ಕೆಳಗೆ ಗುಂಡಿಗೂ ಕಟ್ಟೆಗೂ ನಡುವೆ ಅವಳ ಹೆಬ್ಬೆರಳು ತೂರಿತು.

ಆಗ ಚಿಂದಿ ಬಟ್ಟೆ, ಇಟ್ಟಿಗೆಯ ಚೂರು, ಕೆತ್ತಿದ ಬಾಗಿಲು, ಮೂಲೆ ಸೇರುವ ಉಂಡೆಗಳು, ಎಲ್ಲ ಒಟ್ಟಿಗೆ ಅವಳ ತಲೆಯೊಳಗೆ ಬಂದು ಕೂತವು. ಇಡೀ ಕಟ್ಟಡ ಮೋರಿಯ ಕಡೆಗೆ ವಾಲುತ್ತಿತ್ತು. ಎಲ್ಲರೂ ತಮ್ಮ ತಮ್ಮ ಓರೆಗೆ ತಮ್ಮ ತಮ್ಮ ಬೆಣೆ ಇಟ್ಟುಕೊಂಡು ನೆಮ್ಮದಿಯಾಗಿದ್ದರು. ಬೆಣೆ ಕೆತ್ತಲು ಒಪ್ಪದವನು ಮೊಳೆಯಪ್ಪನೊಬ್ಬನೇ.

ಟಿಕ್, ಅಂತು ಕಾಲ ಕೆಳಗೆ. ಮೊಳೆಯ ಸದ್ದಲ್ಲ ಅದು. ತೊಲೆ ಬಿರಿಯುವ ಸದ್ದು.

ಇಬ್ಬರೂ ದಡದಡ ಇಳಿದು ಮಾಲೀಕನ ಕೋಣೆಗೆ ಹೋದರು. ಅವನು ಕೇಳಿಸಿಕೊಂಡ, ನೆರಳಿನ ಮಾತು ಬಂದದ್ದೇ ಕೈ ಬೀಸಿದ.

"ಅಯ್ಯೋ, ಗಂಡನದೇ ರೋಗ ನಿನಗೂ ಹತ್ತಿತಾ? ಏಳು ವರ್ಷದಿಂದ ಇಲ್ಲೇ ಕೂತಿದ್ದೀನಿ, ನನಗೇನಾಗಿದೆ?"

"ನಿಮ್ಮ ಕುರ್ಚಿ ಕೆಳಗೆ ರಟ್ಟು ಇಟ್ಟಿದ್ದೀರಲ್ಲ, ಯಾಕೆ?"

ಅವನು ಬಗ್ಗಿ ರಟ್ಟನ್ನು ನೋಡಿದ. "ಕುರ್ಚಿ ಕುಂಟುತ್ತೆ," ಅಂದ. ಎದ್ದು ಊಟ ಮುಗಿದ ಗಂಟೆ ಒತ್ತಿದ.

ಮೇಲೆ ಹೆಂಗಸರಿಗೂ ಹೇಳಿ ನೋಡಿದಳು. ಅವರು ಕೇಳಿದರು, ಅಯ್ಯೋ ಅಂದರು, ಮಾಲೀಕ ಹೇಳಲಿ ಅಂದರು, ಯಂತ್ರದ ಮುಂದೆ ಕೂತರು. ಅಷ್ಟೂ ಯಂತ್ರ ಒಟ್ಟಿಗೆ ಗುರ್ರೆಂದವು. ನೆಲ ಸಣ್ಣಗೆ ಅದುರಿತು. ಟಿಕ್ ಟಿಕ್ ಆ ಗದ್ದಲದಲ್ಲಿ ಮುಳುಗಿಹೋಯಿತು. ಯಂತ್ರದ ಸ್ವಿಚ್ಚು ಮಾಲೀಕನ ಕೋಣೆಯೊಳಗೆ, ಬೀಗದ ಪೆಟ್ಟಿಗೆಯಲ್ಲಿ. ಓರೆಯಕ್ಕನ ಕೈಯಲ್ಲಿ ಇದ್ದದ್ದು ಒಂದೇ.

"ಬಾ," ಅಂದಳು ತಂಗಿಗೆ. ಮತ್ತೆ ಮಾಳಿಗೆಗೆ ಓಡಿದರು.

ಪ್ರತಿ ಪ್ಯಾನೆಲ್ಲಿನ ಹಿಂಗಾಲಿಗೂ ಒಂದು ಗೂಟ. ಅದನ್ನು ಕಿತ್ತರೆ ಕಾಲು ಮಡಿಯುತ್ತದೆ, ಪ್ಯಾನೆಲ್ಲನ್ನು ಹೇಗೆ ಬೇಕಾದರೂ ತಿರುವಬಹುದು. ಮೂವತ್ತು ವರ್ಷ ಒಳ್ಳೆಯ ಕೋನ ಹುಡುಕಿದ್ದವಳು ಅವತ್ತು ಎಲ್ಲಕ್ಕಿಂತ ಕೆಟ್ಟ ಕೋನ ಹುಡುಕಿದಳು. ಗೂಟ ಕಿತ್ತಳು, ಪ್ಯಾನೆಲ್ಲಿನ ಬೆನ್ನು ಸೂರ್ಯನಿಗೆ ಬರುವಂತೆ ಎತ್ತಿ ಹಿಂದಕ್ಕೆ ಮಗುಚಿದಳು. ಒಂದು ಸಾಲು. ಎರಡು ಸಾಲು. ಕಬ್ಬಿಣ ಕಾದು ಅಂಗೈ ಸುಟ್ಟಿತು. ಗಂಡ ಒಂದೊಂದನ್ನೂ ಕೂದಲೆಳೆಯಷ್ಟು ಸರಿಮಾಡಿ ಕೂರಿಸಿದ್ದು ನೆನಪಾಗಿ ಕಣ್ಣು ತುಂಬಿ ಬಂದು ಏನೂ ಕಾಣದಾಯಿತು, ಸೆರಗಿನಲ್ಲಿ ಒರೆಸಿಕೊಂಡು ಮುಂದಿನ ಗೂಟಕ್ಕೆ ಕೈಹಾಕಿದಳು. ಐದನೆಯ ಸಾಲಿಗೆ ಕೆಳಗೆ ಯಂತ್ರಗಳು ತೊದಲಿದವು. ಆರನೆಯದಕ್ಕೆ ನಿಂತೇ ಹೋದವು.

ಮೌನ. ಆ ಮೌನದಲ್ಲಿ ಟಿಕ್, ಟಿಕ್, ಟಿಕ್, ಇಷ್ಟು ದಿನ ಇಲ್ಲದಷ್ಟು ಜೋರಾಗಿ, ಇಷ್ಟು ದಿನ ಇಲ್ಲದಷ್ಟು ಬೇಗ ಬೇಗ. ಕೆಳಗಿನಿಂದ ಕಾಜಾ ಮುದುಕಿಯ ಚೀರು ಕೇಳಿತು.

"ಮೊಳೆಯಪ್ಪ! ಮೊಳೆಯಪ್ಪ ಇಳಿದು ಬರ್ತಿದ್ದಾನೆ!"

ಆಮೇಲೆ ನೂಕುನುಗ್ಗಲು. ಓರೆಯ ಬಾಗಿಲನ್ನು ತಳ್ಳಿಕೊಂಡು, ಚಪ್ಪಲಿ ಡಬ್ಬಿ ಎಲ್ಲ ಬಿಟ್ಟು, ಅಷ್ಟೂ ಜನ ರಸ್ತೆಗೆ ಬಿದ್ದರು. ಬದುಕಿದ್ದಾಗ ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಸತ್ತ ಮೇಲೆ ಒಂದೇ ಉಸಿರಿಗೆ ಎಲ್ಲರೂ ಕೇಳಿದರು.

ಅಕ್ಕ ತಂಗಿ ಕಡೆಗೆ ಇಳಿದರು, ಒಬ್ಬರ ಕೈ ಒಬ್ಬರು ಬಿಗಿಯಾಗಿ ಹಿಡಿದು. ಓರೆಯಕ್ಕನ ಇನ್ನೊಂದು ಕಂಕುಳಲ್ಲಿ ಹಲಗೆ ಮತ್ತು ಬೆಣೆ. ಎರಡನೆಯ ಅಂತಸ್ತಿನ ಮೆಟ್ಟಿಲಿನ ಮೇಲೆ ಸುಣ್ಣ ಉದುರುತ್ತಿತ್ತು. ಗೋಡೆಗೆ ಕೈ ಊರಲು ಹೋದ ತಂಗಿ ಚಟ್ಟನೆ ಕೈ ಹಿಂದೆಗೆದಳು. "ಬೆಚ್ಚಗಿದೆ ಅಕ್ಕ, ಅಲ್ಲಾಡ್ತಿದೆ," ಅಂದಳು. ಇಬ್ಬರೂ ಮತ್ತೆ ಗೋಡೆ ಮುಟ್ಟಲಿಲ್ಲ.

ಬೀದಿಯಲ್ಲಿ ಮಾಲೀಕ ಹೆಂಗಸರನ್ನು ಅಟ್ಟಿಸಿಕೊಂಡು ಬಂದು ಬಾಯಿಗೆ ಬಂದಂತೆ ಬೈಯುತ್ತಿದ್ದ. ಓರೆಯಕ್ಕನನ್ನು ಕಂಡು ಅವಳ ಕಡೆಗೆ ತಿರುಗಿದ. "ಪ್ಯಾನೆಲ್ ಮುಟ್ಟೋಕೆ ನೀನ್ಯಾರು? ಈಗಲೇ ಹೋಗಿ ನೆಟ್ಟಗೆ ಮಾಡು!"

ಅವಳು ಕತ್ತು ವಾಲಿಸಿ ಏನನ್ನೋ ಕೇಳಿಸಿಕೊಳ್ಳುತ್ತಿದ್ದಳು. ಟಿಕ್ ಟಿಕ್ ನಿಂತಿತ್ತು.

ಆ ನಿಂತದ್ದೇ ಅತ್ಯಂತ ಭಯಂಕರವಾಗಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಒಂದು ನಿಮಿಷ ಇರಬಹುದು. ಕಟ್ಟಡ ಬೀಳಲಿಲ್ಲ, ಮೊದಲು ಕೂತಿತು. ಹಿಂದಿನ ಮೂಲೆ ಮೋರಿಯೊಳಗೆ ಸದ್ದಿಲ್ಲದೆ ಇಳಿಯಿತು, ಮಗುಚಿದ ಪ್ಯಾನೆಲ್‌ಗಳು ಒಂದೊಂದಾಗಿ ಜಾರಿ ಮರೆಯಾದವು. ಸದ್ದು ಬಂದದ್ದು ಆಮೇಲೆ. ಧೂಳು ಅಡಗಿದಾಗ ಎದುರಿಗೆ ಬರೀ ಆಕಾಶವಿತ್ತು. ರಸ್ತೆಯ ಮೇಲೆ ನಿಂತವರನ್ನು ಎಣಿಸಿದರು, ಮತ್ತೆ ಎಣಿಸಿದರು. ಒಬ್ಬರೂ ಕಮ್ಮಿಯಿರಲಿಲ್ಲ. ಮಾಲೀಕ ರಸ್ತೆಯಲ್ಲೇ ಕುಸಿದು ಕೂತಿದ್ದ, ಯಾರೋ ಅವನಿಗೆ ನೀರು ಕೊಟ್ಟರು.

ಮರುದಿನ ಮಧ್ಯಾಹ್ನ ಓರೆಯಕ್ಕ ತನ್ನ ಮನೆಯ ಅಂಗಳದಲ್ಲಿ ಒಂದು ಕಲ್ಲನ್ನು ಮಟ್ಟ ನೋಡಿ ಕೂರಿಸಿದಳು. ಒಂದು ಸಲ ಅಲ್ಲ, ನಾಲ್ಕೂ ಕಡೆಯಿಂದ ನಾಲ್ಕು ಸಲ ನೋಡಿದಳು. ಅದರ ಮೇಲೆ ಇಪ್ಪತ್ತೆರಡರ ಬೆಣೆ, ಬೆಣೆಯ ಮೇಲೆ ಆರು ಗುರುತಿನ ಹಲಗೆ. ಒಂದು ದಿನ ದಾಟಿದರೂ ಸೂರ್ಯ ಅಷ್ಟೇನೂ ಸರಿಯುವುದಿಲ್ಲ. ತಂಗಿ ಪಕ್ಕದಲ್ಲಿ ಕೂತಿದ್ದಳು. ಓರೆಯಕ್ಕನ ಸುಟ್ಟ ಅಂಗೈಗೆ ಬಟ್ಟೆ ಸುತ್ತಿತ್ತು. ಆ ಕೈ ನಡುಗುತ್ತಿತ್ತು.

ನೆರಳು ಕುಗ್ಗುತ್ತ ಬಂತು. ಆರನೆಯ ಗುರುತನ್ನು ದಾಟಿತು, ಐದನೆಯದನ್ನು ದಾಟಿತು, ತಂಗಿ ಹಾಕಿದ್ದನ್ನೂ ಗಂಡ ಹಾಕಿದ್ದನ್ನೂ ದಾಟಿ ಬುಡಕ್ಕೆ ಬಂದಿತು. ಆಮೇಲೆ ಹಲಗೆಯ ಮೇಲೆ ಮೊಳೆ ಇತ್ತು, ನೆರಳಿರಲಿಲ್ಲ.

"ನಡುಗಿದ್ದು ನಿಮ್ಮ ಕೈಯಲ್ಲ ರೀ," ಅಂದಳು ಓರೆಯಕ್ಕ, ಖಾಲಿ ಅಂಗಳಕ್ಕೆ ಕೇಳುವಷ್ಟು ಜೋರಾಗಿ. "ನಾನು ನಗಬಾರದಿತ್ತು."

ತಂಗಿ ಪೆನ್ಸಿಲು ಕೊಡಲು ಕೈ ಚಾಚಿದಳು. ಗುರುತು ಹಾಕಲು ಏನೂ ಉಳಿದಿರಲಿಲ್ಲ.